ಪಾಳು ದೇಗುಲದ ಚಿತ್ರ ಬರೆಯುವುದು ಹೇಗೆ: ಮೊದಲು ಕಟ್ಟಿ, ಆಮೇಲೆ ಬೀಳಿಸಿ

ಪಾಳು ಬಿದ್ದ ದೇಗುಲ ಕಂಡರೆ ಚಿತ್ರ ಬರೆಯುವವರ ಕೈ ಸುಮ್ಮನಿರುವುದಿಲ್ಲ. ನಿಂತ ನಾಲ್ಕು ಕಂಬ, ಅರ್ಧ ತುಂಡಾದ ತೊಲೆಗಲ್ಲು, ಹುಲ್ಲಿನ ನಡುವೆ ಉರುಳಿದ ಕಲ್ಲುಗಳು, ಹಿಂದೆ ಸಂಜೆಯ ಆಕಾಶ. ಇಷ್ಟಿದ್ದರೆ ಚಿತ್ರ ತಾನಾಗಿಯೇ ಆಗುತ್ತದೆ ಅನ್ನಿಸುತ್ತದೆ. ಆದರೆ ಬರೆದು ಮುಗಿಸಿ ನೋಡಿದರೆ ಏನೋ ಸರಿ ಇಲ್ಲ. ಕಂಬಗಳು ಬೇಲಿಯ ಗೂಟಗಳ ಹಾಗೆ ನಿಂತಿರುತ್ತವೆ. ಬಿದ್ದ ಕಲ್ಲುಗಳು ಹೊಳೆ ದಂಡೆಯ ಬಂಡೆಗಳ ಹಾಗೆ ಕಾಣುತ್ತವೆ. ಅಲ್ಲೊಂದು ದೇಗುಲ ಇತ್ತು ಅನ್ನುವುದೇ ಚಿತ್ರದಲ್ಲಿ ಕಾಣುವುದಿಲ್ಲ.

ನಾನು ವರ್ಷಗಟ್ಟಲೆ ಇದೇ ತಪ್ಪು ಮಾಡಿದೆ. ಮುರಿದದ್ದನ್ನು ಮುರಿದ ಹಾಗೇ ನೋಡಿ ನಕಲು ಮಾಡುತ್ತಿದ್ದೆ. ಒಂದು ದಿನ ಬೇಸರವಾಗಿ, ಆ ದೇಗುಲ ಹಾಳಾಗುವ ಮುಂಚೆ ಹೇಗಿತ್ತು ಅಂತ ಬೇರೆ ಹಾಳೆಯಲ್ಲಿ ಪೂರ್ತಿ ಬರೆದು ನೋಡಿದೆ. ಆಮೇಲೆ ಅದರಿಂದ ಒಂದೊಂದೇ ಕಲ್ಲು ತೆಗೆಯುತ್ತಾ ಬಂದೆ. ಆಗ ಉಳಿದ ಕಂಬಗಳಿಗೆ ಒಂದು ಭಾರ ಬಂತು. ನಡುವಿನ ಖಾಲಿ ಜಾಗಕ್ಕೂ ಆಕಾರ ಬಂತು. ಇವತ್ತಿಗೂ ನಾನು ಬೇರೆ ರೀತಿ ಶುರು ಮಾಡುವುದಿಲ್ಲ.

ಉದಾಹರಣೆಗೆ ಪ್ರಾಚೀನ ಗ್ರೀಕ್ ದೇಗುಲಗಳನ್ನೇ ತೆಗೆದುಕೊಳ್ಳುತ್ತೇನೆ. ಭೂದೃಶ್ಯ ಕಲಾವಿದರು ಅವನ್ನು ಮತ್ತೆ ಮತ್ತೆ ಬರೆದಿದ್ದಾರೆ. ಅವುಗಳ ಅಳತೆ ಗೊತ್ತು, ಕಟ್ಟಡದ ಲೆಕ್ಕಾಚಾರ ಸರಳ. ಒಮ್ಮೆ ಇದು ಕೈಗೆ ಹತ್ತಿದರೆ ಯಾವ ಪಾಳು ದೇಗುಲಕ್ಕೂ ಇದೇ ದಾರಿ ನಡೆಯುತ್ತದೆ.

ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಮಾಮೂಲಿ ಡ್ರಾಯಿಂಗ್ ಹಾಳೆ ಎರಡು, 300 ಜಿಎಸ್‌ಎಂ ದಪ್ಪ ವಾಟರ್ ಕಲರ್ ಹಾಳೆ ಒಂದು, ಎಚ್‌ಬಿ ಮತ್ತು 2ಬಿ ಪೆನ್ಸಿಲ್, ಬಣ್ಣ ಹಚ್ಚುವ ಮುಂಚೆ ಹಾಳೆಯ ಅಂಚುಗಳನ್ನು ಅಂಟಿಸಿಡಲು ಮಾಸ್ಕಿಂಗ್ ಟೇಪ್. ಒಂದು ದೊಡ್ಡ ದುಂಡು ಬ್ರಷ್, ಒಂದು ಸಣ್ಣದು. ಬಣ್ಣದಲ್ಲಿ ಅಲ್ಟ್ರಾಮರೀನ್ ಬ್ಲೂ, ಬರ್ಂಟ್ ಸಿಯೆನ್ನಾ, ಯೆಲ್ಲೋ ಓಕರ್, ಜೊತೆಗೆ ಒಂದು ತಣ್ಣನೆಯ (ನೀಲಿ ಛಾಯೆಯ) ಕೆಂಪು. ಕಪ್ಪು ಬಣ್ಣದ ಟ್ಯೂಬನ್ನು ಪೆಟ್ಟಿಗೆಯಲ್ಲೇ ಬಿಡಿ. ಕಲ್ಲಿನ ನೆರಳನ್ನು ಸಾಯಿಸುವುದು ಅದೇ.

ಹಂತ 1: ಅದು ಹೇಗೆ ಬಿತ್ತು ಅಂತ ತಿಳಿದುಕೊಳ್ಳಿ

ಇದು ಇತಿಹಾಸದ ಪಾಠ ಅಲ್ಲ. ಕಲ್ಲುಗಳನ್ನು ಎಲ್ಲಿ ಇಡಬೇಕು ಅಂತ ಹೇಳುವುದು ಇದೇ.

ಅಥೆನ್ಸ್‌ನ ಪಾರ್ಥೆನಾನ್ ನೋಡಿ. ಕ್ರಿ.ಪೂ. 447ರಲ್ಲಿ ಕಟ್ಟಲು ಶುರು ಮಾಡಿದ ದೇಗುಲ ಅದು. ಎರಡು ಸಾವಿರ ವರ್ಷ ಹೆಚ್ಚುಕಡಿಮೆ ಇಡಿಯಾಗಿ ನಿಂತಿತ್ತು. 1687ರಲ್ಲಿ ವೆನಿಸ್ ಸೇನೆ ಮುತ್ತಿಗೆ ಹಾಕಿದಾಗ ಊರನ್ನು ಹಿಡಿದಿದ್ದ ಒಟ್ಟೋಮನ್ ತುರ್ಕರು ಒಳಗೆ ಮದ್ದುಗುಂಡು ತುಂಬಿಟ್ಟಿದ್ದರು. ಹೊರಗಿಂದ ಹಾರಿಸಿದ ಗುಂಡು ಅದಕ್ಕೆ ತಗುಲಿತು. ಸ್ಫೋಟ ಆಗಿದ್ದು ಹೊಟ್ಟೆಯಲ್ಲಿ. ಹಾಗಾಗಿ ಎರಡು ತುದಿಗಳು ನಿಂತೇ ಉಳಿದವು, ಉದ್ದ ಬದಿಗಳ ನಡುವಿನ ಕಂಬಗಳು ಹೊರಗಡೆಗೆ ಬಿದ್ದವು. ಇಷ್ಟು ಗೊತ್ತಾದರೆ ಸಾಕು, ನೀವು ನಡುವಿನ ಕಲ್ಲುಗಳನ್ನು ದೇಗುಲದ ಒಳಗೆ ಗುಡ್ಡೆ ಹಾಕುವುದಿಲ್ಲ. ಅವು ಬದಿಗಳಲ್ಲಿ, ಮೆಟ್ಟಿಲಿನಾಚೆ ಚೆಲ್ಲಿರಬೇಕು.

ಅದೇ ಊರಿನ ಒಲಿಂಪಿಯನ್ ಜ್ಯೂಸ್ ದೇಗುಲದ ಕಥೆಯೇ ಬೇರೆ. ಒಂದು ಕಾಲದಲ್ಲಿ 104 ಕಂಬ, ಈಗ ನಿಂತಿರುವುದು 15. ಹದಿನಾರನೆಯದು 1852ರ ಬಿರುಗಾಳಿಗೆ ಬಿತ್ತು, ಇನ್ನೂ ಬಿದ್ದ ಜಾಗದಲ್ಲೇ ಮಲಗಿದೆ. ಅದರ ಚಿತ್ರ ಹುಡುಕಿ ನೋಡಿ. ಒಂದರ ಮೇಲೊಂದು ಇಟ್ಟ ದುಂಡುಗಲ್ಲುಗಳಿಂದ ಕಟ್ಟಿದ ಕಂಬ, ಬಿದ್ದಾಗ ಅದೇ ಸಾಲಿನಲ್ಲಿ ಒಂದಕ್ಕೊಂದು ಒರಗಿಕೊಂಡಿದೆ. ನಾಣ್ಯಗಳ ಅಟ್ಟಿ ಪಕ್ಕಕ್ಕೆ ವಾಲಿಕೊಂಡರೆ ಹೇಗಿರುತ್ತದೋ ಹಾಗೆ. ಗಾಳಿಗೆ ಬಿದ್ದ ಕಂಬ ಹೀಗೆ ಸಾಲಾಗಿ ಬೀಳಬಹುದು, ಸ್ಫೋಟಕ್ಕೆ ಸಿಕ್ಕಿದ್ದು ಚೆದುರುತ್ತದೆ.

ಇಟಲಿಯ ಸಿಸಿಲಿ ದ್ವೀಪದ ಸೆಜೆಸ್ಟಾ ದೇಗುಲವಂತೂ ಎಂಥವರನ್ನೂ ದಾರಿ ತಪ್ಪಿಸುತ್ತದೆ. 36 ಕಂಬಗಳೂ ನಿಂತಿವೆ. ಒಳಗೆ ಗರ್ಭಗುಡಿ ಇಲ್ಲ, ಮಾಡು (ಚಾವಣಿ) ಇಲ್ಲ. ಬಿದ್ದುಹೋಗಿದೆ ಅಂದುಕೊಳ್ಳುತ್ತೀರಿ, ಅಲ್ವಾ? ಅದು ಕಟ್ಟಿ ಮುಗಿಯಲೇ ಇಲ್ಲ. ಕಂಬಗಳ ಮೈ ಇನ್ನೂ ನುಣುಪು, ಮೇಲಿಂದ ಕೆಳಗೆ ಉದ್ದಕ್ಕೆ ಸಾಗುವ ತೋಡುಗಳನ್ನು ಕೊರೆದೇ ಇಲ್ಲ. ಕಲ್ಲು ಎತ್ತುವಾಗ ಹಗ್ಗಕ್ಕೆ ಆಸರೆಯಾಗಲಿ ಅಂತ ಬಿಟ್ಟ ಕಲ್ಲಿನ ಉಬ್ಬುಗಳು ಮೆಟ್ಟಿಲುಗಳ ಮೇಲೆ ಹಾಗೇ ಇವೆ. ಅಮೆರಿಕದ ಭೂದೃಶ್ಯ ಕಲಾವಿದ ಥಾಮಸ್ ಕೋಲ್ 1842ರಲ್ಲಿ ಸಿಸಿಲಿಗೆ ಹೋಗಿ ಬಂದು ಇದನ್ನು ಬರೆದರು. ನೀವು ಇದನ್ನು ಬರೆಯುವುದಾದರೆ ಕಂಬದ ಮೇಲೆ ಉದ್ದ ಗೆರೆ ಎಳೆಯಬೇಡಿ, ಸುತ್ತ ಕಲ್ಲುಗಳ ರಾಶಿಯನ್ನೂ ಹಾಕಬೇಡಿ.

ಹಂತ 2: ಹೊತ್ತು ಆರಿಸಿ

ಸ್ಯಾನ್‌ಫರ್ಡ್ ಗಿಫರ್ಡ್ ಎಂಬ ಕಲಾವಿದರು 1880ರಲ್ಲಿ ಪಾರ್ಥೆನಾನ್ ಪಾಳನ್ನು ಬರೆದರು. ಅದರಲ್ಲಿ ಆಕಾಶಕ್ಕೆ ಬಿಟ್ಟ ಜಾಗ ನೋಡಿದರೆ ಆಶ್ಚರ್ಯ ಆಗುತ್ತದೆ. ಇದು ಕಟ್ಟಡದ ಚಿತ್ರ ಅಲ್ಲ, ಒಂದು ದಿನದ ಚಿತ್ರ ಎಂದು ಅವರು ಹೇಳಿದ್ದರು. ಬ್ರಷ್ ಹಿಡಿಯುವ ಮೊದಲು ನೀವೂ ನಿಮ್ಮ ದಿನವನ್ನು ಆರಿಸಿಕೊಳ್ಳಿ.

ನಡುಮಧ್ಯಾಹ್ನ ಬೇಡ. ಬೆಳಕು ಮೇಲಿಂದ ಸುರಿದರೆ ಕಂಬದ ದುಂಡಗಿನ ಮೈ ಚಪ್ಪಟೆಯಾಗುತ್ತದೆ. ಬೆಳಗ್ಗೆ ಅಥವಾ ಸಂಜೆ, ಬೆಳಕು ಪಕ್ಕದಿಂದ ಬರಬೇಕು. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ ನೆರಳು ಕಂಬದಷ್ಟೇ ಉದ್ದ. 30 ಡಿಗ್ರಿಗೆ ಇಳಿದರೆ ಸುಮಾರು ಒಂದೂಮುಕ್ಕಾಲು ಪಟ್ಟು. ಈ ಲೆಕ್ಕ ತಲೆಯಲ್ಲಿದ್ದರೆ ಎದುರಿಗೆ ಇಲ್ಲದ ನೆರಳನ್ನೂ ಧೈರ್ಯವಾಗಿ ಹಾಕಬಹುದು. ಸ್ಥಳದಲ್ಲೇ ಕೂತು ಬರೆಯುವವರು ಮೊದಲ ಐದು ನಿಮಿಷದಲ್ಲಿ ನೆರಳಿನ ಅಂಚುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. ಆಮೇಲೆ ಸೂರ್ಯ ಎಲ್ಲಿಗಾದರೂ ಹೋಗಲಿ, ಆ ಗುರುತು ಬದಲಾಯಿಸಬೇಡಿ.

ಸ್ಥಳಕ್ಕೆ ಹೋಗಲು ಆಗದಿದ್ದರೆ ಚಿಂತೆ ಬೇಡ. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಖ್ ಇಟಲಿಯ ನೆಲ ತುಳಿದವರೇ ಅಲ್ಲ. ಆದರೂ ಸಿಸಿಲಿಯ ಅಗ್ರಿಜೆಂಟೋದ ಜುನೋ ದೇಗುಲವನ್ನು ಬೇರೆಯವರ ಮುದ್ರಿತ ಚಿತ್ರದ ಆಧಾರದಲ್ಲಿ ಬರೆದರು. ಫೋಟೋ ನೋಡಿ ಬರೆಯುವಾಗ ಎರಡು ಎಚ್ಚರಿಕೆ ಇರಲಿ. ಮೊಬೈಲಿನಲ್ಲಿ ಹತ್ತಿರ ನಿಂತು ತಲೆ ಎತ್ತಿ ತೆಗೆದ ಫೋಟೋದಲ್ಲಿ ಕಂಬಗಳು ಒಳಕ್ಕೆ ವಾಲಿರುತ್ತವೆ, ನೀವು ನೆಟ್ಟಗೆ ನಿಲ್ಲಿಸಿ. ಫೋಟೋ ನೆರಳುಗಳನ್ನು ಕಪ್ಪು ಮಾಡುತ್ತದೆ, ಅದನ್ನು ನಂಬಬೇಡಿ.

ಹಂತ 3: ನಿಮ್ಮ ಕಣ್ಣು ಎಲ್ಲಿದೆ?

ಡ್ರಾಯಿಂಗ್ ಹಾಳೆಯಲ್ಲಿ ಮೊದಲು ಒಂದೇ ಒಂದು ಅಡ್ಡಗೆರೆ ಎಳೆಯಿರಿ. ಅದು ನಿಮ್ಮ ಕಣ್ಣಿನ ಮಟ್ಟ. ಗ್ರೀಕ್ ದೇಗುಲಗಳು ಹೆಚ್ಚಾಗಿ ಎತ್ತರದ ಜಾಗದಲ್ಲಿವೆ, ನಾವು ಕೆಳಗಿಂದ ನೋಡುತ್ತೇವೆ. ಆಗ ಕಣ್ಣಿನ ಮಟ್ಟ ಜಗತಿಗಿಂತ, ಅಂದರೆ ದೇಗುಲ ನಿಂತ ಮೆಟ್ಟಿಲುಕಟ್ಟೆಗಿಂತ, ಕೆಳಗಿರುತ್ತದೆ. ಅಂದರೆ ಮೆಟ್ಟಿಲುಗಳ ಮೇಲ್ಭಾಗ ನಿಮಗೆ ಕಾಣಲೇಬಾರದು, ಮುಂಭಾಗ ಮಾತ್ರ ಕಾಣಬೇಕು. ಕೆಳಗಿಂದ ನೋಡುತ್ತಾ ಮೆಟ್ಟಿಲಿನ ಮೇಲ್ಭಾಗವನ್ನೂ ಬರೆದುಬಿಟ್ಟರೆ ಇಡೀ ದೇಗುಲ ಮುಂದಕ್ಕೆ ಜಾರುತ್ತಿರುವ ಹಾಗೆ ಕಾಣುತ್ತದೆ.

ಕಂಬದ ದುಂಡುಗಲ್ಲುಗಳ ನಡುವಿನ ಸಂದುಗಳೂ ಇದೇ ಗೆರೆಯ ಮಾತು ಕೇಳಬೇಕು. ಕಣ್ಣಿನ ಮಟ್ಟದಲ್ಲಿ ಸಂದು ನೇರ ಗೆರೆ. ಮೇಲೆ ಹೋದಂತೆ ಅದು ಕಮಾನಿನ ಹಾಗೆ ಮೇಲಕ್ಕೆ ಬಾಗುತ್ತದೆ. ಕೆಳಗೆ ಬಂದಂತೆ ತಟ್ಟೆಯ ಅಂಚಿನ ಹಾಗೆ ಕೆಳಕ್ಕೆ ಬಾಗುತ್ತದೆ. ಒಂದು ಕಂಬಕ್ಕೆ ಇಂಥ ಮೂರು ಸಂದು ಸರಿಯಾಗಿ ಹಾಕಿದರೆ ಸಾಕು, ಅದು ದುಂಡಗಾಗುತ್ತದೆ. ಎಲ್ಲ ಸಂದುಗಳನ್ನೂ ಬರೆಯುವುದು ಬೇಡ.

ಹಂತ 4: ದೇಗುಲವನ್ನು ಪೂರ್ತಿ ಕಟ್ಟಿ

ಇಲ್ಲಿ ಸಮಯ ಕೊಡಿ. ಒಂದು ಗಂಟೆ ಹಿಡಿದರೂ ಪರವಾಗಿಲ್ಲ.

ಮೂರು ಮೆಟ್ಟಿಲಿನ ಜಗತಿ, ಅದರ ಮೇಲೆ ಕಂಬಗಳು, ಕಂಬದ ನೆತ್ತಿಯಲ್ಲಿ ಬೋದಿಗೆ, ಬೋದಿಗೆಯ ಮೇಲೆ ತೊಲೆಗಲ್ಲು, ಅದರ ಮೇಲೆ ಅಲಂಕಾರದ ಪಟ್ಟಿ, ಮುಂಭಾಗದಲ್ಲಿ ಚಪ್ಪಟೆ ತ್ರಿಕೋನ. ಪಾರ್ಥೆನಾನ್ ಆದರೆ ಮುಂದೆ 8 ಕಂಬ, ಉದ್ದಕ್ಕೆ 17. ಮೂಲೆಯ ಕಂಬವನ್ನು ಎರಡೂ ಕಡೆ ಎಣಿಸಬೇಕು. ಕಂಬದ ಎತ್ತರ ಸುಮಾರು 10.4 ಮೀಟರ್, ಬುಡದ ಅಗಲ 1.9 ಮೀಟರ್. ಅಂದರೆ ಅಗಲದ ಐದೂವರೆ ಪಟ್ಟು ಎತ್ತರ. ಹೊಸಬರು ಬರೆಯುವ ಕಂಬ ಯಾವಾಗಲೂ ತೆಳ್ಳಗೆ, ಎತ್ತರಕ್ಕೆ ಹೋಗಿಬಿಡುತ್ತದೆ. ಪಾರ್ಥೆನಾನ್ ಕಂಬಗಳು ದಪ್ಪ, ಗಟ್ಟಿ. ಎರಡು ಕಂಬಗಳ ನಡುವಿನ ಜಾಗ ಕಂಬದ ಅಗಲಕ್ಕಿಂತ ತುಸು ಜಾಸ್ತಿ, ಅಷ್ಟೇ. ಮೂಲೆಯ ಕಂಬ ಉಳಿದವಕ್ಕಿಂತ ಸ್ವಲ್ಪ ದಪ್ಪ, ಪಕ್ಕದ ಕಂಬಕ್ಕೆ ಸ್ವಲ್ಪ ಹತ್ತಿರ. ಇದೊಂದನ್ನು ಪಾಲಿಸಿದರೆ ನಿಮ್ಮ ದೇಗುಲ ಮೂಲೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಕಂಬವನ್ನು ಸ್ಕೇಲ್ ಇಟ್ಟು ಎಳೆಯಬೇಡಿ. ಅದು ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ, ಹೋಗುವಾಗ ಸ್ವಲ್ಪವೇ ಉಬ್ಬಿಕೊಂಡು ಹೋಗುತ್ತದೆ. ಪಾರ್ಥೆನಾನ್‌ನಲ್ಲಿ ಆ ಉಬ್ಬು ಕಣ್ಣಿಗೆ ಬೀಳದಷ್ಟು ಕಮ್ಮಿ. ಇಟಲಿಯ ಪೈಸ್ಟಂನಲ್ಲಿರುವ ಹಳೆಯ ಹೇರಾ ದೇಗುಲದಲ್ಲಿ ಅದು ಎದ್ದು ಕಾಣುತ್ತದೆ. ಆ ದೇಗುಲದ ಮುಂದೆ 9 ಕಂಬ, ಹಾಗಾಗಿ ನಟ್ಟನಡುವೆ ಬಾಗಿಲಿನ ಜಾಗದಲ್ಲೇ ಒಂದು ಕಂಬ ನಿಂತಿದೆ. ಎಣಿಸದೆ ಬರೆದವರು ಅದನ್ನು 8 ಮಾಡಿಬಿಡುತ್ತಾರೆ.

ಮಾಡನ್ನೂ ಹಾಕಿ, ತ್ರಿಕೋನವನ್ನೂ ಹಾಕಿ. ಚಿತ್ರದಲ್ಲಿ ಅವು ಇರುವುದಿಲ್ಲ ಅಂತ ಗೊತ್ತಿದ್ದರೂ ಹಾಕಿ.

ಹಂತ 5: ಈಗ ಬೀಳಿಸಿ

ಎರಡನೇ ಡ್ರಾಯಿಂಗ್ ಹಾಳೆಯನ್ನು ಮೊದಲನೆಯದರ ಮೇಲಿಟ್ಟು ಕಿಟಕಿ ಗಾಜಿಗೆ ಒತ್ತಿ ಹಿಡಿಯಿರಿ. ನಿಂತಿರುವುದನ್ನು ಮಾತ್ರ ಇದಕ್ಕೆ ಇಳಿಸಿ. ರಬ್ಬರಿನಲ್ಲಿ ಅಳಿಸುವ ಕೆಲಸವೇ ಬೇಡ. ಆಮೇಲೆ ಮೊದಲ ಹಾಳೆ ಕೈಯಲ್ಲೇ ಇರಲಿ. ಕೆಳಗೆ ಬಿದ್ದ ಒಂದೊಂದು ಕಲ್ಲು ಬರೆಯುವಾಗಲೂ ಕೇಳಿಕೊಳ್ಳಿ: ಇದು ಎಲ್ಲಿತ್ತು? ದುಂಡಗಿದ್ದರೆ ಕಂಬದ್ದು. ಉದ್ದನೆಯ ಚೌಕದ್ದಾದರೆ ತೊಲೆ ಅಥವಾ ಗೋಡೆಯದು. ಒಂದು ಕಡೆ ಚೌಕ ಹಲಗೆ, ಇನ್ನೊಂದು ಕಡೆ ಬಟ್ಟಲಿನ ಹಾಗೆ ಇದ್ದರೆ ಬೋದಿಗೆ. ಅಳತೆಯೂ ಅಷ್ಟೇ. ಬಿದ್ದ ದುಂಡುಗಲ್ಲು ನಿಂತ ಕಂಬದಷ್ಟೇ ಅಗಲ ಇರಬೇಕು. ಹತ್ತಿರ ಬಿದ್ದಿದ್ದರೆ ಇನ್ನೂ ದೊಡ್ಡದಾಗಿ ಕಾಣಬೇಕು. ಪಾರ್ಥೆನಾನ್ ಕಂಬದ ಬುಡದ ಕಲ್ಲೊಂದನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದು ಆಳೆತ್ತರ. ನಮ್ಮ ಚಿತ್ರಗಳಲ್ಲಿ ಅದು ಕಾಲುಮಣೆಯ ಗಾತ್ರಕ್ಕೆ ಇಳಿದಿರುತ್ತದೆ.

ಮುಂಭಾಗದಲ್ಲಿ ಒಂದೇ ಒಂದು ಕಲ್ಲನ್ನು ಹತ್ತಿರದಿಂದ ಬರೆಯಿರಿ. ನನಗೆ ಇಷ್ಟವಾದದ್ದು ಮುಖ ಮೇಲಾಗಿ ಬಿದ್ದ ದುಂಡುಗಲ್ಲು. ಅದರ ನಟ್ಟನಡುವೆ ಒಂದು ಚೌಕ ಕುಳಿ ಇರುತ್ತದೆ. ಕೆಳಗಿನ ಕಲ್ಲು, ಮೇಲಿನ ಕಲ್ಲು ಸರಿಯಾಗಿ ಕೂರಲಿ ಅಂತ ಆ ಕುಳಿಯಲ್ಲಿ ಮರದ ತುಂಡು ಕೂರಿಸಿ, ನಡುವೆ ಒಂದು ಗೂಟ ನಿಲ್ಲಿಸುತ್ತಿದ್ದರು. ಕಂಬ ನಿಂತಿದ್ದಷ್ಟು ಕಾಲ ಆ ಕುಳಿಯನ್ನು ಯಾರೂ ನೋಡಿರಲಿಲ್ಲ. ಬಿದ್ದ ಮೇಲೆಯೇ ಅದಕ್ಕೆ ಬೆಳಕು ಬಿದ್ದದ್ದು. ಕುಳಿಯ ಒಳಗೆ ಎರಡು ಬದಿ ಕತ್ತಲು, ಒಂದು ಅಂಚಿಗೆ ಮಾತ್ರ ಬಿಸಿಲು. ಕಲ್ಲಿನ ಸುತ್ತಲ ಅಂಚು ತೋಡುಗಳಿಂದಾಗಿ ಹೂವಿನ ಎಸಳಿನ ಹಾಗೆ ಅಲೆಅಲೆ. ಇಷ್ಟು ಬರೆದರೆ ನೋಡುವವರು ಅಲ್ಲೇ ನಿಲ್ಲುತ್ತಾರೆ.

ಚೌಕ ಕಲ್ಲಾದರೆ ಅದರ ತುದಿಯಲ್ಲಿ ಟಿ ಆಕಾರದ ಕೊರೆತ ಹುಡುಕಿ. ಪಕ್ಕಪಕ್ಕದ ಕಲ್ಲುಗಳನ್ನು ಕಬ್ಬಿಣದ ಪಟ್ಟಿಯಿಂದ ಬೆಸೆದು, ಸುತ್ತ ಸೀಸ ಸುರಿಯುತ್ತಿದ್ದರು. ಜೋಡಿ ಕಲ್ಲು ದೂರವಾದಾಗ ಒಂದೊಂದರಲ್ಲಿ ಅರ್ಧರ್ಧ ಆಕಾರ ಉಳಿಯುತ್ತದೆ. ಪಾಳು ಅಂದರೆ ಏನು ಅಂತ ನನಗೆ ನಿಜವಾಗಿ ಅರ್ಥವಾದದ್ದು ಆ ಅರ್ಧ ಕೊರೆತ ಬರೆಯುವಾಗ.

ಇನ್ನೊಂದು ವಿಷಯ. ಈಗಿನ ಫೋಟೋದಲ್ಲಿರುವ ಪಾರ್ಥೆನಾನ್, ಹಳೆಯ ಚಿತ್ರಗಳ ಪಾರ್ಥೆನಾನ್ ಎರಡೂ ಒಂದೇ ಅಲ್ಲ. ಉತ್ತರದ ಸಾಲಿನ ಬಿದ್ದ ಕಂಬಗಳನ್ನು 1920ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಅಮೆರಿಕದ ಕಲಾವಿದ ಫ್ರೆಡರಿಕ್ ಚರ್ಚ್ 1869ರಲ್ಲಿ ಅಲ್ಲಿ ಕೂತು ಅಧ್ಯಯನ ಚಿತ್ರಗಳನ್ನು ಬರೆದಾಗ ಅಲ್ಲಿ ದೊಡ್ಡ ಖಾಲಿ ಇತ್ತು. ಯಾವ ಕಾಲದ ಪಾಳು ಬರೆಯುತ್ತಿದ್ದೀರಿ ಅಂತ ಮೊದಲೇ ನಿರ್ಧರಿಸಿ.

ಹಂತ 6: ಬೆಳಕಿನ ಮೊದಲ ವಾಶ್ (ನೀರಾದ ತೆಳು ಬಣ್ಣದ ಬಳಿತ)

ಎರಡನೇ ಹಾಳೆಯ ಗೆರೆಗಳನ್ನು ವಾಟರ್ ಕಲರ್ ಹಾಳೆಗೆ ಹಗುರವಾಗಿ ಇಳಿಸಿ. ಪೆನ್ಸಿಲ್ ಗೆರೆಯ ಮೇಲೆ ಬಣ್ಣ ಒಣಗಿದರೆ ಅದು ಅಳಿಯುವುದಿಲ್ಲ, ಬೇಡದ್ದನ್ನು ಈಗಲೇ ತೆಗೆಯಿರಿ. ನಾನು ಮಾತ್ರ ಕಾಣೆಯಾದ ತ್ರಿಕೋನದ ಒಂದು ಗೆರೆಯನ್ನು ಆಕಾಶದಲ್ಲಿ ಬೇಕಂತಲೇ ಬಿಡುತ್ತೇನೆ, ತೀರಾ ತೆಳುವಾಗಿ.

ಬಿಸಿಲು ಬೀಳುವ ಕಲ್ಲಿಗೆ ಓಕರ್‌ನ ತೆಳು ನೀರು ಸಾಕು. ಅತಿ ಹೊಳೆಯುವ ಕಡೆ ಹಾಳೆಯ ಬಿಳಿಯನ್ನೇ ಬಿಡಿ. ಇಲ್ಲಿ ಕಲ್ಲಿನ ಜಾತಿ ಗೊತ್ತಿರಬೇಕು. ಪಾರ್ಥೆನಾನ್ ಪೆಂಟೆಲಿಕಾನ್ ಬೆಟ್ಟದ ಅಮೃತಶಿಲೆಯದು. ಕಡಿದಾಗ ಬಿಳಿ, ಒಳಗಿರುವ ಕಬ್ಬಿಣದ ಅಂಶದಿಂದಾಗಿ ಕಾಲ ಕಳೆದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ದುರಸ್ತಿಗೆ ಸೇರಿಸಿದ ಹೊಸ ತುಂಡುಗಳು ಅದಕ್ಕೇ ಬಿಳಿ ತೇಪೆಗಳಂತೆ ಕಾಣುವುದು. ಅಗ್ರಿಜೆಂಟೋದ ದೇಗುಲಗಳು ಹಳದಿ ಕಂದು ಬಣ್ಣದ ಒರಟು ಕಲ್ಲಿನವು, ಅಲ್ಲಿ ಹಾಳೆಯ ಬಿಳಿ ಬಿಟ್ಟರೆ ಸುಳ್ಳಾಗುತ್ತದೆ.

ಆಕಾಶವನ್ನು ದೇಗುಲದ ಅಂಚಿನವರೆಗೂ ಒಂದೇ ಸಲಕ್ಕೆ ತನ್ನಿ. ಕಂಬಗಳ ನಡುವಿನ ಆಕಾಶ ಹೊರಗಿನ ಆಕಾಶದ್ದೇ ಬಣ್ಣ ಇರಬೇಕು. ಬೇರೆ ಹೊತ್ತಿನಲ್ಲಿ ಬಳಿದರೆ ಅದು ಆಕಾಶ ಆಗುವುದಿಲ್ಲ, ನೀಲಿ ಬಾಗಿಲು ಆಗುತ್ತದೆ.

ಹಂತ 7: ನೆರಳು

ಹಾಳೆ ಪೂರ್ತಿ ಒಣಗಲಿ. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಸೇರಿಸಿ, ಒಂದು ಹನಿ ಕೆಂಪು ಹಾಕಿ, ಒಂದು ಬಟ್ಟಲು ತುಂಬಾ ಕಲಸಿಟ್ಟುಕೊಳ್ಳಿ. ನಡುವೆ ಮುಗಿದುಹೋದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ. ದೇಗುಲದ ನೆರಳಿನ ಬದಿಯನ್ನೆಲ್ಲ ಒಂದೇ ವಾಶ್‌ನಲ್ಲಿ ಹಾಕಿ. ಒದ್ದೆ ಇರುವಾಗಲೇ ತೊಲೆಯ ಅಡಿಭಾಗಕ್ಕೆ ಸ್ವಲ್ಪ ಓಕರ್ ಮುಟ್ಟಿಸಿ. ಬಿಸಿಲು ಬಿದ್ದ ನೆಲದಿಂದ ಬೆಳಕು ಮೇಲಕ್ಕೆ ಚಿಮ್ಮಿ ಅಲ್ಲಿ ಬೆಚ್ಚಗಿರುತ್ತದೆ. ನೆರಳಿನಲ್ಲೇ ಇದ್ದರೂ ಆಕಾಶಕ್ಕೆ ಮುಖ ಮಾಡಿದ ಕಲ್ಲಿನ ಮೇಲ್ಭಾಗ ನೀಲಿಯಾಗಿರುತ್ತದೆ.

ಈಗ ತೋಡುಗಳು. ಪಾರ್ಥೆನಾನ್ ಕಂಬಕ್ಕೆ ಸುತ್ತಲೂ 20 ತೋಡು, ಒಂದು ಕಡೆಯಿಂದ ಕಾಣುವುದು ಸುಮಾರು 10. ನಡುವಿನವು ಅಗಲ, ಅಂಚಿಗೆ ಹೋದಂತೆ ಒತ್ತೊತ್ತು. ಎಡಗಡೆಯಿಂದ ಬಿಸಿಲು ಬಿದ್ದರೆ ಕಂಬದ ಬಲಗಡೆ ಕಪ್ಪಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ತೋಡು ಒಳಕ್ಕೆ ಕೊರೆದದ್ದು. ಹಾಗಾಗಿ ಅದರೊಳಗೆ ನೆರಳು ಎಡಗಡೆ ಬೀಳುತ್ತದೆ, ಬಲಗಡೆಗೆ ಬೆಳಕು. ಇದನ್ನು ತಲೆಕೆಳಗು ಮಾಡಿದರೆ ಕಂಬ ಕೊಳವೆಗಳ ಕಟ್ಟಿನ ಹಾಗೆ ಕಾಣುತ್ತದೆ. ಸಣ್ಣ ಬ್ರಷ್‌ನಲ್ಲಿ ಮೇಲಿಂದ ಕೆಳಗೆ ಒಂದೇ ಎಳೆತ. ಅಲ್ಲಲ್ಲಿ ಕಡಿದುಹೋಗಲಿ, ಕಲ್ಲು ಅಲ್ಲಿ ಸವೆದಿದೆ ಅಂತ ಕಣ್ಣು ಓದಿಕೊಳ್ಳುತ್ತದೆ. ದೂರದ ಕಂಬಗಳಿಗೆ ತೋಡು ಹಾಕಲೇಬೇಡಿ.

ಕಂಬದ ನೆರಳು ಮೆಟ್ಟಿಲಿನ ಮೇಲೆ ಬಿದ್ದರೆ ನೇರವಾಗಿ ಹರಿಯುವುದಿಲ್ಲ, ಮೆಟ್ಟಿಲಿನ ಜೊತೆ ಮುರಿದು ಮುರಿದು ಇಳಿಯುತ್ತದೆ.

ಹಂತ 8: ಮುಂಭಾಗ, ಗಿಡ, ಜನ

ಚರ್ಚ್ 1871ರಲ್ಲಿ ಮುಗಿಸಿದ ಪಾರ್ಥೆನಾನ್ ಚಿತ್ರ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಮುಂಭಾಗದ ನೆಲ, ಚೆಲ್ಲಿದ ಕಲ್ಲುಗಳು ನೆರಳಿನಲ್ಲಿವೆ, ಹಿಂದಿನ ದೇಗುಲ ಬಿಸಿಲಿನಲ್ಲಿದೆ. ನಾವು ಕತ್ತಲಲ್ಲಿ ನಿಂತು ಬೆಳಕಿನ ಕಡೆ ನೋಡುತ್ತೇವೆ. ಈ ಉಪಾಯವನ್ನು ಎರವಲು ಪಡೆಯಲು ಸಂಕೋಚ ಬೇಡ. ಮುಂಭಾಗಕ್ಕೆ ಕೊನೆಯಲ್ಲಿ ಒಂದು ನೆರಳಿನ ವಾಶ್ ಎಳೆದರೆ ದೇಗುಲ ತಾನಾಗಿ ಬೆಳಗುತ್ತದೆ.

ಗಿಡಗಳು ಬೇರು ಬಿಡುವುದು ಮಣ್ಣು ಸೇರಿದ ಸಂದಿಯಲ್ಲಿ. ಒಡೆದ ತುದಿ, ತೊಲೆಯ ಮೇಲ್ಭಾಗ, ಮೆಟ್ಟಿಲಿನ ಮೂಲೆ. ನುಣುಪಾದ ಕಂಬದ ಹೊಟ್ಟೆಯ ಮೇಲೆ ಬಳ್ಳಿ ಹಬ್ಬಿಸಬೇಡಿ.

ಒಬ್ಬ ಮನುಷ್ಯ ಇರಲಿ. ಕಂಬದ ಎತ್ತರದಲ್ಲಿ ಆರನೇ ಒಂದು ಭಾಗ, ಅದಕ್ಕಿಂತ ದೊಡ್ಡದು ಬೇಡ. ಒಂದೊಂದು ಮೆಟ್ಟಿಲು ಸುಮಾರು ಅರ್ಧ ಮೀಟರ್, ಅಂದರೆ ಮೊಣಕಾಲಿನ ಎತ್ತರ. ಅದಕ್ಕೇ ಆ ಮೆಟ್ಟಿಲ ಮೇಲೆ ಕೂರಿಸುವುದು ಸುಲಭ. ಫ್ರಾನ್ಸಿನ ಹ್ಯೂಬರ್ಟ್ ರಾಬರ್ಟ್ 11 ವರ್ಷ ಇಟಲಿಯಲ್ಲಿದ್ದು ಪಾಳುಗಳನ್ನು ಎಷ್ಟು ಬರೆದರೆಂದರೆ, ಜನ ಅವರನ್ನು ಪಾಳುಗಳ ರಾಬರ್ಟ್ ಎಂದೇ ಕರೆದರು. ಅವರ ಚಿತ್ರಗಳಲ್ಲಿ ಜನ ಪಾಳನ್ನು ನೋಡುತ್ತಾ ನಿಲ್ಲುವುದು ಕಮ್ಮಿ. ಬಟ್ಟೆ ಒಗೆಯುತ್ತಾರೆ, ಒಣಹಾಕುತ್ತಾರೆ, ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ. ನಿಮ್ಮ ಮನುಷ್ಯನಿಗೂ ಏನಾದರೂ ಕೆಲಸ ಕೊಡಿ.

ಬಣ್ಣ ಪೂರ್ತಿ ಒಣಗಿದ ಮೇಲೆ ಟೇಪನ್ನು ಓರೆಯಾಗಿ, ಚಿತ್ರದಿಂದ ಹೊರಗಡೆಗೆ ಎಳೆದು ತೆಗೆಯಿರಿ. ಇಡೀ ದೇಗುಲ ಇರುವ ಆ ಮೊದಲ ಹಾಳೆಯನ್ನು ಮಾತ್ರ ಎಸೆಯಬೇಡಿ. ನಾಳೆ ಅದರ ಮೇಲೆ ಇನ್ನೊಂದು ಹಾಳೆ ಇಟ್ಟು ಉತ್ತರದ ಸಾಲನ್ನು 1869ರಲ್ಲಿದ್ದಂತೆ ಖಾಲಿ ಬಿಡಿ, ಬಿಸಿಲನ್ನು ಇನ್ನೊಂದು ಕಡೆಯಿಂದ ತನ್ನಿ.